ಆಕಾಶದಿಂದ ಕೆರೆ ನೋಡುವುದು: ಎಷ್ಟು ನಂಬಬಹುದು?



ಪೊನ್ನಂಪೇಟೆಯ ಸುತ್ತಮುತ್ತ ಕೆರೆ ಇಲ್ಲದ ತೋಟ ಕಡಿಮೆ. ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಓಡುವುದು ಆ ಕೆರೆಯ ನೀರಿನಲ್ಲಿ. ದನ ಕುಡಿಯುವುದು, ಲೈನ್ ಮನೆಯವರು ಬಟ್ಟೆ ಒಗೆಯುವುದು ಅಲ್ಲೇ. ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹಿಡಿದು ಹೋಗುವುದೂ ಅಲ್ಲಿಗೇ. ಹಾಗಾಗಿ ಕೆರೆ ಕೆಟ್ಟರೆ ಮೊದಲು ನರಳುವವರು ಬಡವರು.

"ಈಗ ಸ್ಯಾಟಲೈಟ್ ಉಂಟಲ್ಲ, ನೀರು ಒಳ್ಳೇದೋ ಕೆಟ್ಟದೋ ಅದೇ ಹೇಳ್ತದಂತೆ" ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಎಷ್ಟು ನಂಬಬೇಕು, ನಂಬಿಕೆ ಹೆಚ್ಚಲು ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಉಪಗ್ರಹ ನೋಡುವುದೇನು?

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲಿ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದವು. ಸುಮಾರು 786 ಕಿ.ಮೀ. ಎತ್ತರದಿಂದ ಐದು ದಿನಕ್ಕೊಮ್ಮೆ ನಮ್ಮ ಊರಿನ ಚಿತ್ರ ತೆಗೆಯುತ್ತವೆ. ಚಿತ್ರಗಳು ಎಲ್ಲರಿಗೂ ಉಚಿತ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳೂ 2008ರಿಂದ ಉಚಿತವಾಗಿವೆ.

ಆದರೆ ಉಪಗ್ರಹ ನೀರನ್ನು ಪರೀಕ್ಷೆ ಮಾಡುವುದಿಲ್ಲ, ನೀರಿನ ಬಣ್ಣ ನೋಡುತ್ತದೆ ಅಷ್ಟೇ. ಪಾಚಿ ಹೆಚ್ಚಾದರೆ ಹಸಿರು, ಮಣ್ಣು ಕದಡಿದರೆ ಕೆಂಪು, ಕೊಳೆತ ಎಲೆಯ ರಸ ಇಳಿದರೆ ಚಹಾದಂತೆ ಕಂದು. ಈ ಬಣ್ಣದಿಂದ ಪಾಚಿ ಎಷ್ಟು, ಕದಡು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಭೇದಿ ತರಿಸುವ ರೋಗಾಣು, ಗೊಬ್ಬರದ ನೈಟ್ರೇಟ್, ತೋಟಕ್ಕೆ ಹೊಡೆದ ಔಷಧಿ ಇವುಗಳಿಗೆ ಬಣ್ಣವಿಲ್ಲ. ಆದ್ದರಿಂದ ಉಪಗ್ರಹಕ್ಕೆ "ತಿಳಿ" ಎಂದು ಕಂಡ ನೀರು ಕುಡಿಯಲು ಯೋಗ್ಯ ಎಂದು ಯಾರೂ ತಿಳಿಯಬಾರದು.

ತಪ್ಪು ಆಗುವುದೆಲ್ಲಿ?

ಮೊದಲನೆಯದು ಗಾಳಿ. ಉಪಗ್ರಹಕ್ಕೆ ಮುಟ್ಟುವ ಬೆಳಕು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ನೀರಿನಿಂದ ಬಂದದ್ದು ಸುಮಾರು ಹತ್ತು ಪೈಸೆ. ಉಳಿದ ತೊಂಬತ್ತು ಪೈಸೆ ಹೆಚ್ಚುಕಡಿಮೆ ಗಾಳಿಯದ್ದೇ: ಅದರ ಧೂಳು, ಹೊಗೆ, ಮಂಜು ಚದುರಿಸಿದ ಬೆಳಕು. ಗಾಳಿಯ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು. ತೊಂಬತ್ತರ ಬದಲು ಎಂಬತ್ತೈದು ಕಳೆದರೆ ನೀರಿನ ಪಾಲು ಹತ್ತರ ಬದಲು ಹದಿನೈದಾಯಿತು. ಅಲ್ಲಿಗೆ ಲೆಕ್ಕ ಒಂದೂವರೆ ಪಟ್ಟು ತಪ್ಪಿತು!

ಎರಡನೆಯದು ಕೆರೆಯ ಗಾತ್ರ. ಚಿತ್ರ ಚೌಕ ಚೌಕವಾಗಿ ಬರುತ್ತದೆ. ಸೆಂಟಿನೆಲ್-2ರ ಅತಿ ಸಣ್ಣ ಚೌಕದ ಬದಿ 10 ಮೀಟರ್. ಒಂದು ಎಕರೆಯ ಕೆರೆ ಚೌಕಾಕಾರದಲ್ಲಿದ್ದರೆ ಅದರ ಬದಿ ಸುಮಾರು 64 ಮೀಟರ್. ಅದರಲ್ಲಿ ಹಿಡಿಯುವುದು 36 ಚೌಕ. ದಡದ ಮಣ್ಣು, ಹುಲ್ಲು ಸೇರಿಕೊಂಡ ಅಂಚಿನ ಚೌಕಗಳನ್ನು ಬಿಟ್ಟರೆ ಉಳಿಯುವುದು 16. ಲ್ಯಾಂಡ್‌ಸ್ಯಾಟಿನ 30 ಮೀಟರ್ ಚೌಕವಾದರೆ ಎಲ್ಲವೂ ಅಂಚಿನವೇ. ಸುಮಾರು 900 ಎಕರೆಯ ಬೆಂಗಳೂರಿನ ಬೆಳ್ಳಂದೂರು ಕೆರೆಗೆ 36 ಸಾವಿರ ಚೌಕ ಸಿಗುತ್ತವೆ. ಅಲ್ಲಿ ನಡೆದ ಲೆಕ್ಕವನ್ನು ನಮ್ಮ ತೋಟದ ಕೆರೆಗೆ ಹಾಗೆಯೇ ತಂದು ಹಾಕಿದರೆ ಆಗುವುದಿಲ್ಲ.

ಮೂರನೆಯದು ಮರ. ನಮ್ಮ ಕೆರೆಗಳ ಸುತ್ತ ನೆರಳಿನ ಮರಗಳೇ ಜಾಸ್ತಿ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎಲೆಗಳಿಂದ ಜೋರಾಗಿ ಹೊಮ್ಮಿ ಪಕ್ಕದ ನೀರಿನ ಲೆಕ್ಕದಲ್ಲಿ ಬೆರೆಯುತ್ತದೆ. ಅಂತರಗಂಗೆ ತೇಲುತ್ತಿದ್ದರೆ ಅದನ್ನೇ ಪಾಚಿ ಎಂದು ಎಣಿಸುವ ಅಪಾಯವಿದೆ. ಕೆರೆ ಆಳವಿಲ್ಲದಿದ್ದರೆ ತಳದ ಕೆಸರೇ ಕದಡಿದ ನೀರಿನಂತೆ ಕಾಣುತ್ತದೆ. ಉದುರಿದ ಎಲೆಯಿಂದ ಕಂದಾದ ನೀರಿಗೂ, ಪಲ್ಪರ್ ನೀರು ಸೇರಿ ಕಪ್ಪಾದ ನೀರಿಗೂ ಬಣ್ಣದಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ನಿರಪರಾಧಿ ತೋಟದವರ ಮೇಲೆ ದೂರು ಬರಬಹುದು, ತಪ್ಪು ಮಾಡಿದವರು ಪಾರಾಗಲೂಬಹುದು.

ನಾಲ್ಕನೆಯದು ಮೋಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮೇಲೆ ಉಪಗ್ರಹ ಎಷ್ಟು ಸಲ ಹಾದರೂ ಕಾಣುವುದು ಹೆಚ್ಚಾಗಿ ಮೋಡವೇ. 2018 ಮತ್ತು 2019ರ ಆಗಸ್ಟ್‌ನಂತೆ ಗುಡ್ಡ ಜರಿದು ಹೊಳೆ ಕೆಂಪಾಗುವ ದಿನಗಳಲ್ಲೇ ಅದು ಕುರುಡು. ಒಂದು ಸಮಾಧಾನ ಉಂಟು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಪಲ್ಪಿಂಗ್ ನಡೆಯುವ ಆ ತಿಂಗಳುಗಳಲ್ಲಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ.

ನಂಬಿಕೆ ಹೆಚ್ಚುವುದು ಹೇಗೆ?

ಉಪಗ್ರಹ ಹಾದುಹೋದ ದಿನವೇ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಯಾರಾದರೂ ಕೆರೆಗೆ ಇಳಿದು ನೀರನ್ನು ಅಳೆದಿರಬೇಕು. ಎರಡನ್ನೂ ತಾಳೆ ನೋಡಿದಾಗಲೇ ಆ ಕೆರೆಗೆ ಹೊಂದುವ ಲೆಕ್ಕ ಸಿಗುವುದು. ಜಗತ್ತಿನ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 450 ಕೆರೆ, ನದಿ, ಕರಾವಳಿ ನೀರುಗಳಲ್ಲಿ ಅಳೆದ 7,572 ದಾಖಲೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಗ್ಲೋರಿಯಾ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟರು. ಆದರೆ ನಮ್ಮ ಕೆರೆಯ ದಾಖಲೆಯನ್ನು ನಾವೇ ಬರೆದಿಡಬೇಕು.

ನಾವು ಮಾಡಬಹುದಾದದ್ದು

• ಸೆಂಟಿನೆಲ್-2 ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಸುಮಾರು 11 ಗಂಟೆಗೆ. ದಿನಾಂಕ ಮೊದಲೇ ತಿಳಿಯುತ್ತದೆ. ಆ ದಿನ 10ರಿಂದ 12ರೊಳಗೆ ಅಳತೆ ಮಾಡಿ.

• 20 ಸೆಂ.ಮೀ. ಅಗಲದ ತಟ್ಟೆಗೆ ಕಾಲುಭಾಗ ಕಪ್ಪು, ಕಾಲುಭಾಗ ಬಿಳಿ ಎಂದು ಬದಲಾಯಿಸಿ ಬಣ್ಣ ಬಳಿಯಿರಿ. ಗುರುತು ಹಾಕಿದ ಹಗ್ಗ ಕಟ್ಟಿ ಇಳಿಸಿ. ಎಷ್ಟು ಆಳಕ್ಕೆ ಕಣ್ಮರೆಯಾಯಿತು ಎಂದು ಬರೆದುಕೊಳ್ಳಿ. 1865ರಲ್ಲಿ ಇಂಥ ತಟ್ಟೆಯನ್ನು ಸಮುದ್ರಕ್ಕೆ ಇಳಿಸಿ ಪರೀಕ್ಷಿಸಿದವರು ಇಟಲಿಯ ಖಗೋಳ ವಿಜ್ಞಾನಿ, ಯೇಸುಸಭೆಯ ಗುರು ಏಂಜೆಲೊ ಸೆಕ್ಕಿ. ಇಂದಿಗೂ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

• ದಡದಲ್ಲಿ ಅಳೆಯಬೇಡಿ. ಅಂಚಿನಿಂದ ಕನಿಷ್ಠ 20 ಮೀಟರ್ ಒಳಗೆ, ಮೂರು ನಾಲ್ಕು ಕಡೆ ಅಳೆಯಿರಿ. ತೆಪ್ಪದಲ್ಲಿ ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕಳಿಸಲೇಬೇಡಿ.

• ಮೋಡ, ಗಾಳಿ, ಅಂತರಗಂಗೆ, ಹಿಂದಿನ ದಿನದ ಮಳೆ, ಪಲ್ಪರ್ ಓಡಿತ್ತೇ ಎಂಬುದನ್ನೂ ಬರೆಯಿರಿ. ಮೊಬೈಲಿನಲ್ಲಿ ಸ್ಥಳ ಗುರುತಿಸಿ.

• ಕುಡಿಯುವ ನೀರಿನ ಮಾತು ಬಂದರೆ ಪರೀಕ್ಷೆಯೇ ದಾರಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ನಿಮ್ಮ ಹಳ್ಳಿಯಲ್ಲಿ ಅವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳಿ.

ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಚಿತ್ರ ಓದಬಲ್ಲ ವಿದ್ಯಾವಂತರ ಸಹಾಯ ಕೇಳಲು ನಾವು ಹಿಂಜರಿಯಬೇಕಾಗಿಲ್ಲ. ಆದರೆ ಬರಿಗೈಯಲ್ಲಿ ಹೋಗುವುದಕ್ಕಿಂತ ಒಂದು ವರ್ಷದ ಅಳತೆ ಪುಸ್ತಕ ಹಿಡಿದು ಹೋದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಯಾವ ಕೆರೆ ಯಾವಾಗ ಕೆಟ್ಟಿತು ಎಂದು ಕೇಳಿದರೆ ಊಹೆಯಿಂದಲ್ಲ, ಪುಸ್ತಕ ತೆರೆದು ಹೇಳಬಹುದು. ಈ ಕೊಯ್ಲಿನ ಕಾಲದಿಂದಲೇ ಪ್ರತಿ ಸಂಘ ಒಂದೊಂದು ಕೆರೆಯನ್ನು ವಹಿಸಿಕೊಳ್ಳಲಿ ಎಂಬುದು ನಮ್ಮ ಕೋರಿಕೆ.