ಭಂಡಾರದ ಬಾಗಿಲು: ಓಲೆಗರಿಯ ಚಿತ್ರಗಳನ್ನು ಜಾಲದಲ್ಲಿರಿಸುವ ಕ್ರಮ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲ, ಜಯಧವಲ, ಮಹಾಧವಲಗಳ ತಾಡಪತ್ರ ಪ್ರತಿಗಳು ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಯಾತ್ರಿಕನು ಒಳಗೆ ಹೋಗಿ ಕಟ್ಟನ್ನು ಬಿಚ್ಚುವಂತಿರಲಿಲ್ಲ. ಹೊಣೆ ಹೊತ್ತವರು ತೋರಿಸಿದಷ್ಟನ್ನು ನೋಡಿ ಹಿಂದಿರುಗಬೇಕಾಗಿತ್ತು. ಹಸ್ತಪ್ರತಿಗಳ ಚಿತ್ರಗಳನ್ನು ಸ್ವಂತ ಗಣಕಯಂತ್ರದಲ್ಲಿಟ್ಟು ದೂರದ ವಾಚಕರಿಗೆ ಒದಗಿಸುವವರು ಇಂದು ಅನುಸರಿಸುವ ಕ್ರಮವೂ ಹೆಚ್ಚು ಕಡಮೆ ಇದೇ. ಗಣಕಜ್ಞರು ಇದನ್ನು ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ದ್ವಾರಪಾಲನೆಂದು ಕರೆದರೆ ಅರ್ಥಕ್ಕೆ ಲೋಪವಿಲ್ಲ.

ತುಮಕೂರು ನಗರದ ಮರಳೂರಿನಲ್ಲಿ ಶ್ರಾವಕರೊಬ್ಬರ ಮನೆಯಲ್ಲಿ ನಾಲ್ಕಾರು ಕಟ್ಟು ಓಲೆಗರಿಗಳಿವೆಯೆಂದೂ, ಅವುಗಳ ಚಿತ್ರಗಳು ಮನೆಯ ಗಣಕದಲ್ಲಿಯೇ ಇವೆಯೆಂದೂ ಭಾವಿಸೋಣ. ಗುಬ್ಬಿಯ ಪಂಡಿತರೊಬ್ಬರು ಒಂದು ಗರಿಯನ್ನು ನೋಡಬಯಸುತ್ತಾರೆ. ಚಿತ್ರಗಳನ್ನು ತೋರಿಸುವ ತಂತ್ರಾಂಶವನ್ನು 127.0.0.1 ಎಂಬ ವಿಳಾಸದಲ್ಲಿ, ಎಂದರೆ ಅದೇ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುವಂತೆ ಕೂಡಿಸಬೇಕು. ಹೊರಗಿನ 443ನೆಯ ಬಾಗಿಲಿನಲ್ಲಿ ದ್ವಾರಪಾಲನೊಬ್ಬನೇ ನಿಲ್ಲುತ್ತಾನೆ. ಈಗೋರ್ ಸಿಸೋಯೆವ್ ಎಂಬ ರಷ್ಯಾದ ತಂತ್ರಜ್ಞರು 2004ರಲ್ಲಿ ಬಹಿರಂಗಗೊಳಿಸಿದ ಎಂಜಿನ್‌ಎಕ್ಸ್ ಈ ಕೆಲಸಕ್ಕೆ ಪ್ರಸಿದ್ಧವಾದುದು. ಅದು ಕೋರಿಕೆಯನ್ನು ಕೇಳಿ, ಒಳಗಿನಿಂದ ಉತ್ತರವನ್ನು ತಂದು ಕೊಡುತ್ತದೆ. ಸೂಚೀಪತ್ರ, ಚಿತ್ರಕೋಶ, ನಿಘಂಟು ಎಂದು ಹಿಂದೆ ಮೂರು ತಂತ್ರಾಂಶಗಳಿದ್ದರೂ ಬಾಗಿಲು ಒಂದೇ. ಒಳಗಿನ ತಂತ್ರಾಂಶಕ್ಕೆ ಬಂದವರೆಲ್ಲರೂ ದ್ವಾರಪಾಲನಂತೆಯೇ ಕಾಣುವುದರಿಂದ, ನಿಜವಾದ ಸಂದರ್ಶಕನ ವಿಳಾಸವನ್ನು ಆತನು ಒಂದು ಚೀಟಿಯಲ್ಲಿ ಬರೆದು ಒಳಗೆ ಕಳುಹಿಸುತ್ತಾನೆ. ಆ ಚೀಟಿಯನ್ನು ದ್ವಾರಪಾಲನಿಂದಲ್ಲದೆ ಇತರರಿಂದ ಸ್ವೀಕರಿಸಿದರೆ ಕಪಟಕ್ಕೆ ಅವಕಾಶವಾಗುತ್ತದೆ. ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಮುಂಬಾಗಿಲಿಗೆ ಕಾವಲು ಹಾಕುವವರು ಇಲ್ಲದಿಲ್ಲ.

ಇನ್ನು ಗೂಢಲಿಪೀಕರಣದ ವಿಚಾರ. ಸಿರಿಭೂವಲಯದಲ್ಲಿ 1ರಿಂದ 64ರವರೆಗಿನ ಅಂಕಗಳು ಧ್ವನಿಗಳನ್ನು ಸೂಚಿಸುತ್ತವೆ. ಓದುವ ಬಂಧವನ್ನು ಅರಿಯದವನಿಗೆ ಅದು ಬರಿಯ ಅಂಕಗಳ ಚಕ್ರ. ಜಾಲದ ಟಿ.ಎಲ್.ಎಸ್. ಪದ್ಧತಿಯಲ್ಲಿ ಇದಕ್ಕೆ ವಿಪರೀತವಾಗಿ ಬಂಧವು ಸರ್ವವಿದಿತ, ಕೀಲಿಕೈ ಮಾತ್ರ ಗುಪ್ತ. 2018ರಲ್ಲಿ ಪ್ರಕಟವಾದ ಇದರ 1.3ನೆಯ ಆವೃತ್ತಿಯಲ್ಲಿ ಗುಬ್ಬಿಯ ಯಂತ್ರವೂ ಮರಳೂರಿನ ಯಂತ್ರವೂ ಸಾಮಾನ್ಯವಾಗಿ ಪ್ರತಿ ಭೇಟಿಗೂ ಹೊಸ ರಹಸ್ಯವನ್ನು ಕಲ್ಪಿಸಿಕೊಳ್ಳುತ್ತವೆ. ಎಲ್ಲರೂ ನೋಡಬಹುದಾದ ಗರಿಗೆ ಈ ಗೋಪ್ಯವೇಕೆ ಎಂಬ ಆಕ್ಷೇಪವುಂಟು. ನಡುದಾರಿಯಲ್ಲಿ ಯಾರೂ ಪಾಠವನ್ನು ತಿದ್ದಲಾಗದೆಂಬುದೇ ಇಲ್ಲಿ ಮುಖ್ಯ, ಗೋಪ್ಯವು ಆನುಷಂಗಿಕ.

ಬಾಗಿಲಿನ ಹೆಸರು ನಿಜವಾದುದೆಂದು ತೋರಿಸುವುದು ಪ್ರಮಾಣಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರ ಕೊನೆಯಿಂದ ಇದನ್ನು ಎಲ್ಲರಿಗೂ ಉಚಿತವಾಗಿ ನೀಡತೊಡಗಿತು, 90 ದಿನಗಳ ಅವಧಿಗೆ. ಜಾಲದರ್ಶಕ ತಂತ್ರಾಂಶಗಳು ಮಾನ್ಯಮಾಡುವ ಗರಿಷ್ಠ ಅವಧಿಯು 2029ರ ಮಾರ್ಚ್‌ನಿಂದ 47 ದಿನಗಳಿಗೆ ಇಳಿಯಬೇಕೆಂದು 2025ರಲ್ಲಿ ನಿರ್ಣಯವಾಗಿದೆ. ಶ್ರುತಪಂಚಮಿಯಂದು ವರ್ಷಕ್ಕೊಮ್ಮೆ ಕಟ್ಟುಗಳನ್ನು ಹೊರತೆಗೆದು ನೋಡುವ ಅಭ್ಯಾಸ ಇಲ್ಲಿಗೆ ಸಾಲದು. ನವೀಕರಣವನ್ನು ಯಂತ್ರಕ್ಕೇ ವಹಿಸಿ, ಅದು ನಡೆಯಿತೇ ಎಂಬುದನ್ನು ಮನುಷ್ಯನು ನೋಡುತ್ತಿರಬೇಕು.

ಮನೆಯ ಅನೇಕ ಸಂಪರ್ಕಗಳಿಗೆ ಸ್ವತಂತ್ರವಾದ ಸಾರ್ವಜನಿಕ ವಿಳಾಸವೇ ಇರುವುದಿಲ್ಲವಾಗಿ, ಹೊರಗಿನವರು ನೇರವಾಗಿ ಮರಳೂರಿಗೆ ಬರಲಾರರು. ಆಗ ಬೇರೆಡೆ ಒಂದು ಸಣ್ಣ ಯಂತ್ರವನ್ನು ಬಾಡಿಗೆಗೆ ಪಡೆದು ದ್ವಾರಪಾಲನನ್ನು ಅಲ್ಲಿ ನಿಲ್ಲಿಸುತ್ತಾರೆ. ಮರಳೂರಿನ ಗಣಕವು ತಾನೇ ಹೊರಟು ಅದರೊಡನೆ ಗುಪ್ತಮಾರ್ಗವೊಂದನ್ನು ಕಲ್ಪಿಸಿಕೊಳ್ಳುತ್ತದೆ. 2020ರಲ್ಲಿ ಲಿನಕ್ಸ್ ತಿರುಳಿಗೆ ಸೇರಿದ ವೈರ್‌ಗಾರ್ಡ್ ಇದಕ್ಕೆ ಸಾಧನ. ಮುದ್ರೆ ಎಲ್ಲಿ ಒಡೆಯುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಬಾಡಿಗೆಯ ಯಂತ್ರದಲ್ಲಿ ಒಡೆದರೆ, ಮತ್ತೆ ಮುಚ್ಚುವ ಮೊದಲು ಕ್ಷಣಕಾಲ ಎಲ್ಲವೂ ಅಲ್ಲಿ ತೆರೆದಿರುತ್ತದೆ, ಕೀಲಿಕೈಯೂ ಅಲ್ಲಿಯೇ ಇರುತ್ತದೆ. ಮೇಲಣ ಹೆಸರನ್ನಷ್ಟೇ ಓದಿ ಲಕೋಟೆಯನ್ನು ಬಿಚ್ಚದೆ ಮರಳೂರಿಗೆ ಸಾಗಿಸುವ ವಿಧಾನವೂ ಉಂಟು. ಸ್ವಲ್ಪ ತೊಡಕಿನದಾದರೂ ಭಂಡಾರಗಳಿಗೆ ಅದೇ ಯುಕ್ತ. ಅನ್ಯರ ಮನೆಯಲ್ಲಿ ಕೀಲಿಕೈ ಇಟ್ಟ ಭಂಡಾರವನ್ನು ಸ್ವಂತದ್ದೆನ್ನುವುದು ಕಷ್ಟ.

ಇಷ್ಟಾದರೂ ಒಂದು ಭ್ರಾಂತಿ ಉಳಿಯುತ್ತದೆ: ಬಾಗಿಲು ಭದ್ರವಾದರೆ ಪಾಠವೂ ಶುದ್ಧವೆಂಬುದು. ಮೂಡುಬಿದಿರೆಯಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಧವಲದ ಪ್ರತಿಲೇಖನ ಆರಂಭವಾಯಿತು. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಮಾಡಿಕೊಂಡ ಪ್ರತಿಯು ಸಹಾರನಪುರವನ್ನು ಸೇರಿ, ಅದರಿಂದ ಬೇರೆ ಪ್ರತಿಗಳು ಹುಟ್ಟಿದುವು. ಇಂತಹ ಪ್ರತಿಗಳ ಆಧಾರದಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಹೊರಬಂದಿತು. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದ್ದರು. ಮುಂದೆ ಮೂಡುಬಿದಿರೆಯ ತಾಡಪತ್ರದೊಡನೆ ತಾಳೆನೋಡಿದಾಗ ಆ ಪದ ಅಲ್ಲಿತ್ತು. ಒಂದು ಪದದ ಸುತ್ತ ಎಷ್ಟು ವಾದ ನಡೆಯಿತೆಂಬುದನ್ನು ಪಂಡಿತರಿಗೆ ಹೇಳಬೇಕಾಗಿಲ್ಲ. ಪದ ಬಿಟ್ಟುಹೋದ ಪ್ರತಿಯನ್ನು ಜಾಲದಲ್ಲಿಟ್ಟರೆ ದ್ವಾರಪಾಲನು ಆ ಲೋಪವನ್ನೇ ಅಕ್ಷರಶಃ, ಮುದ್ರೆಯೊತ್ತಿ, ಗುಬ್ಬಿಗೆ ತಲುಪಿಸುವನು.

ಆದುದರಿಂದ ಲಿಪ್ಯಂತರದ ಪಕ್ಕದಲ್ಲಿ ಗರಿಯ ಚಿತ್ರ, ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಯಾವ ಮಗ್ಗುಲೆಂಬ ಗುರುತು ಇರತಕ್ಕದ್ದು. ಚಿತ್ರ ತೆಗೆದ ದಿನವೇ ಪ್ರತಿಯೊಂದು ಕಡತದ ಎಸ್‌ಎಚ್‌ಎ-256 ಅಂಕವನ್ನು ಲೆಕ್ಕಹಾಕಿ ಕಾಗದದ ಸೂಚಿಯಲ್ಲಿ ಬರೆದಿಟ್ಟರೆ, ಮುಂದೆ ಒಂದು ಬಿಂದು ಬದಲಾದರೂ ಅಂಕ ಬೇರೆಯಾಗಿ ತಿಳಿದುಬರುತ್ತದೆ. ಆ ಸೂಚಿಯ ಪ್ರತಿಯೊಂದೂ ಚಿತ್ರಗಳ ಪ್ರತಿಯೊಂದೂ ಮರಳೂರಿನಲ್ಲಲ್ಲದೆ ಕುಣಿಗಲಿನಂತಹ ಬೇರೆ ಊರಿನಲ್ಲಿ, ಜಾಲಕ್ಕೆ ಸೇರಿಸದ ಪೆಟ್ಟಿಗೆಯಲ್ಲಿ ಇರುವುದು ಒಳ್ಳೆಯದು.