ಸಂಬಳದ ಗೆರೆಯಾಚೆಯ ಸಂಸಾರ

ಬ್ರಿಟನ್ನಿನಲ್ಲಿರುವ ಸಂಗಾತಿಯನ್ನು ಸೇರಲು ಮದುವೆಯ ನೋಂದಣಿ ಪತ್ರ, ಇಂಗ್ಲಿಷ್ ಪರೀಕ್ಷೆ ಸಾಲದು. ಅಲ್ಲಿರುವವರ ವಾರ್ಷಿಕ ಆದಾಯ ಸಾಮಾನ್ಯವಾಗಿ 29,000 ಪೌಂಡ್ ಇರಬೇಕು. 2012ರಲ್ಲಿ 18,600 ಇದ್ದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ ಏರಿಸಲಾಯಿತು. ಇದು ತಪ್ಪು ಅಳತೆಗೋಲು. ಬೆಂಗಳೂರಿನಿಂದ ಅರ್ಜಿ ಹಾಕುವ ಎಂಜಿನಿಯರ್ ಇಲ್ಲಿ ಎಷ್ಟೇ ದುಡಿಯಲಿ, ಆ ಸಂಬಳ ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಸಂಗಾತಿಯ ಸಣ್ಣ ಸಂಬಳವೇ ಇಬ್ಬರ ಹಣೆಬರಹವನ್ನೂ ತೀರ್ಮಾನಿಸುತ್ತದೆ. ತೆರಿಗೆದಾರರಿಗೆ ಹೊರೆಯಾಗಬಾರದೆಂಬ ವಾದ ನ್ಯಾಯವಾದದ್ದೇ. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಿತಿಯನ್ನು ತಾತ್ವಿಕವಾಗಿ ಒಪ್ಪಿತು, ಮಕ್ಕಳ ಹಿತಕ್ಕೆ ನಿಯಮಗಳಲ್ಲಿ ತಕ್ಕ ಗಮನ ಸಿಕ್ಕಿಲ್ಲವೆಂದೂ ಹೇಳಿತು. ಆದರೆ ಈ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸರ್ಕಾರಿ ಭತ್ಯೆಯ ಹಕ್ಕಿಲ್ಲ. ಆರೋಗ್ಯ ಸೇವೆಗೆಂದು ವರ್ಷಕ್ಕೆ 1,035 ಪೌಂಡ್‌ನಂತೆ ಮುಂಗಡವಾಗಿಯೇ ಕಟ್ಟಿರುತ್ತಾರೆ. ಹೀಗಿರುವಾಗ ಇಬ್ಬರ ದುಡಿಯುವ ಶಕ್ತಿಯನ್ನೂ ಕೂಡಿಸಿ ನೋಡಲು ಅಡ್ಡಿಯೇನು?