ಕೊನೆಯ ಸಾಲಿಗೂ ಅಕ್ಷರ ತಲುಪಲಿ

ಬೆಂಗಳೂರಿನ ಟೌನ್‌ಹಾಲ್‌ನಿಂದ ಕೂಗಳತೆ ದೂರದ ಎಸ್.ಪಿ. ರಸ್ತೆಯಲ್ಲಿ ಶನಿವಾರ ಹನ್ನೊಂದು ಗಂಟೆಯೆಂದರೆ ಕಾಲಿಡಲು ಜಾಗವಿರುವುದಿಲ್ಲ. ಶಟರ್ ಎತ್ತಿದ್ದೇ ತಡ, ಸರಕೆಲ್ಲ ಮೆಟ್ಟಿಲಿಳಿದು ಬೀದಿಗೆ ಬಂದು ಕೂತಿರುತ್ತದೆ. ಕೇಬಲ್ ಸುರುಳಿಗಳು, ಸಿಸಿಟಿವಿ ಕ್ಯಾಮೆರಾಗಳು, ಕಂಪ್ಯೂಟರ್ ಬಿಡಿಭಾಗಗಳು, ಬಣ್ಣಬಣ್ಣದ ದೀಪದ ಸರಗಳು. ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಹಮಾಲಿಗಳು ‘ಸೈಡ್, ಸೈಡ್’ ಎನ್ನುತ್ತ ನುಗ್ಗುತ್ತಾರೆ. ಅವರು ಬಿಡಿಸಿದ ದಾರಿಯಲ್ಲೇ ಒಂದು ಸ್ಕೂಟರು ಹಿಂಬಾಲಿಸುತ್ತದೆ.

ಸೌಂಡ್ ಸಿಸ್ಟಂ ಅಂಗಡಿಯನ್ನು ಹುಡುಕಲು ಬೋರ್ಡು ಓದಬೇಕಿಲ್ಲ, ಕಿವಿಯೇ ಕರೆದೊಯ್ಯುತ್ತದೆ. ಒಂದು ಅಂಗಡಿಯಲ್ಲಿ ಸಿನಿಮಾ ಹಾಡು, ಪಕ್ಕದಲ್ಲಿ ಅಯ್ಯಪ್ಪನ ಭಜನೆ, ಎದುರಿನಲ್ಲಿ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’. ಒಳಗೆ ಹೋದರೆ ಸೂರಿನಿಂದ ಇಳಿಬಿಟ್ಟ ಅಲ್ಯೂಮಿನಿಯಂ ಹಾರ್ನುಗಳು. ನಡುವಿನ ಹಲಗೆಗಳ ಮೇಲೆ ಅಹುಜಾ ಆಂಪ್ಲಿಫೈಯರ್‌ಗಳ ಸಾಲು. 1940ರಿಂದ ಬಂದ ಈ ದೆಹಲಿ ಕಂಪನಿಯ ಹೆಸರು ನಮ್ಮ ಊರೂರಿನ ಮೈಕ್‌ಸೆಟ್ಟಿನವರಿಗೆ ಬಾಯಿಪಾಠ. ನೆಲದ ಮೇಲೆ ಚಕ್ರ ಕಟ್ಟಿಕೊಂಡ ಟ್ರಾಲಿ ಸ್ಪೀಕರುಗಳು; ಹಾಡಿನ ತಾಳಕ್ಕೆ ಅವುಗಳ ಮುಖದಲ್ಲಿ ಕೆಂಪು, ನೀಲಿ ದೀಪ ಕುಣಿಯುತ್ತವೆ. ಗಾಜಿನ ಕಪಾಟಿನಲ್ಲಿ, ತುಸು ಗೌರವದ ಜಾಗದಲ್ಲಿ, ಕಪ್ಪು ಬಣ್ಣದ ಚಿಕ್ಕ ಪೆಟ್ಟಿಗೆಗಳು. ಆಂಪ್ಲಿಫೈಯರು, ಮಿಕ್ಸರು, ಬ್ಯಾಟರಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಪವರ್ಡ್ ಸ್ಪೀಕರುಗಳು ಇವೇ.

ಈ ಅಂಗಡಿಗೆ ಗಮಕ ಸಂಘವೊಂದರ ಮೂವರು ಬರುತ್ತಾರೆ. ಮುಂದೆ ನಿವೃತ್ತ ಮೇಷ್ಟ್ರು, ಕೈಚೀಲದಲ್ಲಿ ತಮ್ಮದೇ ಮೈಕು. ಹಿಂದೆ ಹತ್ತಿ ಸೀರೆಯ ಗಮಕಿ ಅಮ್ಮ, ಅವರ ಜೊತೆ ಶ್ರುತಿಪೆಟ್ಟಿಗೆ ಹಿಡಿದ ಶಿಷ್ಯ. ಅಮ್ಮ ಕುಮಾರವ್ಯಾಸನನ್ನು ವಾಚಿಸುತ್ತಾರೆ, ಮೇಷ್ಟ್ರು ವ್ಯಾಖ್ಯಾನ ಮಾಡುತ್ತಾರೆ. ದೇವಸ್ಥಾನದ ಪ್ರಾಂಗಣ, ಶಾಲೆಯ ಅಂಗಳ, ಬಡಾವಣೆಯ ಸಮುದಾಯ ಭವನ ಇವರ ರಂಗಸ್ಥಳ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಈ ಕಲೆಯ ಹೆಸರು ನಾಡಿನ ಹೊರಗೂ ಕೇಳಿಸಿತು. ಗಮಕಕ್ಕೆ ತಾಳವಿಲ್ಲ, ಪಕ್ಕವಾದ್ಯದ ಗದ್ದಲವಿಲ್ಲ. ಶ್ರುತಿಯ ಮೇಲೆ ನಿಂತ ಒಂದು ಕಂಠ, ಅರ್ಥ ಬಿಡಿಸುವ ಇನ್ನೊಂದು ಕಂಠ, ಅಷ್ಟೆ. ಹಾಡಿಕೆಯೂ ಭಾಷಣವೂ ಒಂದೇ ವೇದಿಕೆಯಲ್ಲಿ ಕೂಡುವ ಕಲೆ ಇದಾದ್ದರಿಂದ, ಸ್ಪೀಕರಿನ ಯೋಗ್ಯತೆ ಅಳೆಯಲು ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

“ಬನ್ನಿ ಸಾರ್, ಬನ್ನಿ ಮೇಡಂ. ಎಷ್ಟು ಜನಕ್ಕೆ ಬೇಕು?” ಅಂಗಡಿಯ ಹುಡುಗ ಕುರ್ಚಿ ಎಳೆಯುತ್ತಾನೆ.

“ನೂರು, ನೂರಿಪ್ಪತ್ತು ಜನ. ಬಸ್ಸಲ್ಲಿ ತಗೊಂಡು ಹೋಗೋ ಹಾಗಿರಬೇಕಪ್ಪ.”

ಹುಡುಗ ದೊಡ್ಡ ಟ್ರಾಲಿಯೊಂದನ್ನು ಮುಂದೆ ಸರಿಸಿ ಫೋನಿನಿಂದ ಹಾಡು ಹಚ್ಚುತ್ತಾನೆ. ಎದೆಗೂಡು ಅದುರುತ್ತದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವಾಟ್ ಎಂದು ಬರೆದಿದೆ. ಮೇಷ್ಟ್ರು ಅಂಗೈ ಎತ್ತಿ ನಿಲ್ಲಿಸುತ್ತಾರೆ. “ಹಾಡು ಬೇಡಪ್ಪ. ಇದಕ್ಕೆ ಈ ಮೈಕ್ ಚುಚ್ಚು.”

ಎಲ್ಲರೂ ಮೋಸಹೋಗುವ ಜಾಗ ಈ ವಾಟಿನ ಲೆಕ್ಕವೇ. ಪೆಟ್ಟಿಗೆಯ ಮೇಲೆ ಮೆರೆಯುವುದು ಹೆಚ್ಚಾಗಿ ಪೀಕ್ ವಾಟ್, ಅಂದರೆ ಕ್ಷಣಮಾತ್ರ ಚಿಮ್ಮಬಲ್ಲ ಗರಿಷ್ಠ. ನಿರಂತರವಾಗಿ ಕೊಡುವ ಆರ್‌ಎಂಎಸ್ ವಾಟ್ ಅದರಲ್ಲೊಂದು ಪಾಲು ಮಾತ್ರ. ಅದೂ ನಿಜವೇ ಆಗಿರಲಿ, ವಾಟನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ‘ತುಸು ಜೋರಾಯಿತು’ ಎನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ ಕೇಳಬೇಕಾದ ಅಂಕಿ ಬೇರೆ: ಒಂದು ಮೀಟರ್ ದೂರದಲ್ಲಿ ಈ ಪೆಟ್ಟಿಗೆ ಎಷ್ಟು ಡೆಸಿಬೆಲ್ ಕೊಡುತ್ತದೆ? ಬಯಲಿನಲ್ಲಿ ದೂರ ಎರಡರಷ್ಟಾದಂತೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದದ್ದು ಹದಿನಾರು ಮೀಟರ್ ಆಚೆಯ ಕೊನೆಯ ಸಾಲಿಗೆ 86 ಆಗಿ ಮುಟ್ಟುತ್ತದೆ. ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ನೂರಿಪ್ಪತ್ತು ಜನರ ಸಭೆಗೆ ಒಂದು ಹದವಾದ ಪೆಟ್ಟಿಗೆ ಧಾರಾಳ ಸಾಕು.

ಮೈಕು ಈಗ ಅಮ್ಮನ ಕೈಗೆ ಬಂದಿದೆ. ಅವರು ಪದ್ಯ ಹೇಳುವುದಿಲ್ಲ, ಬಿಡಿ ಪದಗಳನ್ನು ಉಚ್ಚರಿಸುತ್ತಾರೆ. “ಧರ್ಮ. ದರ್ಪ. ಭೀಮ. ಬೀಸು. ಶಂಖ. ಸಂಕ.” ಟ್ರಾಲಿಯಲ್ಲಿ ಧರ್ಮಕ್ಕೂ ದರ್ಪಕ್ಕೂ ಒಂದೇ ಗುಡುಗು. ‘ಭೀಮ’ ಎನ್ನುವಾಗ ಹೊರಟ ಉಸಿರು ‘ಧಪ್’ ಎಂದು ಬಡಿಯುತ್ತದೆ. ‘ಶ’ ಮತ್ತು ‘ಸ’ ಒಂದರೊಳಗೊಂದು ಕರಗಿವೆ. ಮೇಷ್ಟ್ರು ಅಂಗಡಿಯ ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಾರೆ. ತುಟಿಯ ಚಲನೆ ಕಂಡರೆ ಕಣ್ಣು ಕಿವಿಗೆ ಸಹಾಯ ಮಾಡಿಬಿಡುತ್ತದೆ ಎಂಬುದು ಅವರಿಗೆ ಗೊತ್ತು. “ಅಮ್ಮಾ, ಎರಡನೇದು ದರ್ಪವೋ, ಧರ್ಮವೋ ತಿಳೀಲಿಲ್ಲ” ಎನ್ನುತ್ತಾರೆ.

ಕಪಾಟಿನಿಂದ 8 ಇಂಚಿನ ಚಿಕ್ಕ ಪೆಟ್ಟಿಗೆಯನ್ನು ಇಳಿಸಲಾಗುತ್ತದೆ. ಅದೇ ಪದಗಳು. ಈ ಸಲ ಮೇಷ್ಟ್ರು ಒಂದೊಂದನ್ನೂ ತಿರುಗಿ ಉಚ್ಚರಿಸುತ್ತಾರೆ, ಒಂದೂ ತಪ್ಪುವುದಿಲ್ಲ. ಕಾರಣ ಸರಳ. ಕಂಠದ ತುಂಬುತನ ಕೆಳಗಿನ ಕಂಪನಗಳಲ್ಲಿದೆ. ಮಾತಿನ ಸ್ಪಷ್ಟತೆ, ಅದರಲ್ಲೂ ವ್ಯಂಜನಗಳ ಅಂಚು, ಹೆಚ್ಚಾಗಿ ಇರುವುದು 1,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ. ಬಾಸ್ ಉಬ್ಬಿಸಿದ ಪೆಟ್ಟಿಗೆ ಆ ಅಂಚನ್ನೇ ಮುಚ್ಚಿಹಾಕುತ್ತದೆ. ಚಂಡೆ ಮದ್ದಲೆಗೆ, ಮಕ್ಕಳ ಕುಣಿತದ ಹಾಡಿಗೆ 12 ಅಥವಾ 15 ಇಂಚಿನ ವೂಫರ್ ಬೇಕು, ನಿಜ. ಕಂಠವೇ ಪ್ರಧಾನವಾದ ಕಲೆಗೆ 8 ಇಲ್ಲವೇ 10 ಇಂಚು ಸಾಕು.

ಸೂರಿನ ಹಾರ್ನಿನತ್ತ ಶಿಷ್ಯ ಬೆರಳು ತೋರಿಸುತ್ತಾನೆ. “ನಮ್ಮೂರ ಜಾತ್ರೇಲಿ ಅದೇ ಇತ್ತಲ್ಲ ಸಾರ್, ಮೂರು ಹೊಲದಾಚೆ ಕೇಳ್ತಿತ್ತು.” ಹಾರ್ನಿಗೆ ಅದರದೇ ಚರಿತ್ರೆಯಿದೆ. 1915ರ ಕ್ರಿಸ್‌ಮಸ್ ಮುನ್ನಾದಿನ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬ ಇಬ್ಬರು ತಮ್ಮ ಮ್ಯಾಗ್ನಾವಾಕ್ಸ್ ಧ್ವನಿವರ್ಧಕವನ್ನು ಸಾವಿರಾರು ಜನರ ಮುಂದೆ ಮೊಳಗಿಸಿದರು. ನಮ್ಮಲ್ಲಿ ಗಾಂಧೀಜಿ, ನೆಹರೂ ಮಾತನಾಡುತ್ತಿರುವ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ‘ಶಿಕಾಗೋ ರೇಡಿಯೋ’ ಎಂಬ ಫಲಕ ಕಾಣುತ್ತದೆ. ಹೆಸರು ಅಮೆರಿಕದ್ದಾದರೂ ಅದು ಮುಂಬಯಿಯ ಮೋಟ್ವಾನೆ ಕುಟುಂಬದ ಕಂಪನಿ. ಬಯಲಿನಲ್ಲಿ ಸೇರಿದ ಜನಸಾಗರಕ್ಕೆ ಮಾತು ಮುಟ್ಟಿಸಿದ ಪುಣ್ಯ ಹಾರ್ನಿನದು. ಆದರೆ ಅದು ಕಂಠದ ನಡುಭಾಗವನ್ನಷ್ಟೇ ಹಿಡಿದು ದೂರ ಎಸೆಯುತ್ತದೆ. ಪ್ರಕಟಣೆಗೆ ಅದು ಒಳ್ಳೆಯದು. ರಾಗದ ಮೈ, ಮಂದ್ರದ ಇಳಿತ ಅದರಲ್ಲಿ ಸಿಕ್ಕುವುದಿಲ್ಲ.

ಪೆಟ್ಟಿಗೆಯ ಬೆನ್ನು ನೋಡುವ ಸರದಿ ಈಗ. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗುತ್ತಾರೆ. ಮೂರು ರಂಧ್ರದ ಕ್ಯಾನನ್ ಪಿನ್ನಿನ ಜಾಗ ಎರಡಿವೆ: ಅಮ್ಮನದೊಂದು, ತಮ್ಮದೊಂದು. ಈ ಪಿನ್ನಿನ ಕೇಬಲ್ಲು ಉದ್ದವಾದರೂ ಗುಂಯ್‌ಗುಡುವುದಿಲ್ಲ. ಶ್ರುತಿಪೆಟ್ಟಿಗೆಗೆ ಪಿ-38 ಜಾಕು ಪ್ರತ್ಯೇಕ. ಒಂದೊಂದಕ್ಕೂ ಬೇರೆ ಬೇರೆ ವಾಲ್ಯೂಮ್, ಬೇರೆ ಬೇರೆ ಬಾಸ್, ಟ್ರೆಬಲ್. ಕಂಡೆನ್ಸರ್ ಮೈಕ್ ಬಳಸುವವರು 48 ವೋಲ್ಟಿನ ಫ್ಯಾಂಟಮ್ ಪವರ್ ಇದೆಯೇ ಎಂದು ನೋಡಬೇಕು. ಮೇಷ್ಟ್ರ ಮೈಕು ಡೈನಮಿಕ್, ಅದಕ್ಕೆ ಬೇಕಿಲ್ಲ. ಕಾರ್ಡ್‌ಲೆಸ್ ಮೈಕನ್ನೂ ಹುಡುಗ ತೋರಿಸುತ್ತಾನೆ. 2.4 ಗಿಗಾಹರ್ಟ್ಸ್‌ನದಾದರೆ ಸಭೆಯ ವೈಫೈ, ಬ್ಲೂಟೂತುಗಳೊಂದಿಗೆ ಅದೇ ಅಲೆಗಳನ್ನು ಹಂಚಿಕೊಳ್ಳಬೇಕು. ಕೂತೇ ನಡೆಸುವ ಕಲೆಗೆ ತಂತಿಯ ಮೈಕೇ ಭದ್ರ.

“ಎಕೋ ಬೇಕಾ ಸಾರ್?” ಹುಡುಗ ಗುಂಡಿ ತಿರುಗಿಸುತ್ತಾನೆ. ವಾಚನಕ್ಕೆ ಒಂದಿಷ್ಟು ರಿವರ್ಬ್ ಒಪ್ಪುತ್ತದೆ. ವ್ಯಾಖ್ಯಾನಕ್ಕೆ ಸೊನ್ನೆಯೇ ಚೆಂದ. ಹೇಳಿದ ಮಾತಿನ ಬಾಲ ಮುಂದಿನ ಮಾತಿನ ತಲೆಯ ಮೇಲೆ ಬೀಳಬಾರದು. ಈ ಗುಂಡಿ ಎರಡೂ ಮೈಕಿಗೆ ಒಂದೇ ಆಗಿರುವ ಪೆಟ್ಟಿಗೆಯನ್ನು ಅವರು ಪಕ್ಕಕ್ಕಿಡುತ್ತಾರೆ.

ಆಮೇಲೆ ತೂಕ. ಶಿಷ್ಯ ಒಂದೊಂದನ್ನೇ ಎತ್ತಿ ಅಂಗಡಿಯ ಮೆಟ್ಟಿಲು ಹತ್ತಿಳಿಯುತ್ತಾನೆ. ಬೋಸ್ ಎಸ್1 ಪ್ರೊ ಸುಮಾರು 7 ಕೆ.ಜಿ., ಜೆಬಿಎಲ್ ಇಯಾನ್ ಒನ್ ಕಾಂಪ್ಯಾಕ್ಟ್ 8 ಕೆ.ಜಿ.; ಒಂದು ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದು. ಮೊದಲನೆಯದಕ್ಕೆ 11 ಗಂಟೆ, ಎರಡನೆಯದಕ್ಕೆ 12 ಗಂಟೆಯವರೆಗೆ ಬ್ಯಾಟರಿ ಎಂದು ಕಂಪನಿಗಳು ಹೇಳುತ್ತವೆ. ಅದು ಹದವಾದ ವಾಲ್ಯೂಮಿನ ಲೆಕ್ಕ, ಪೂರ್ತಿ ತಿರುಗಿಸಿದರೆ ಗಂಟೆಗಳು ಕರಗುತ್ತವೆ. ಇಷ್ಟು ಹಗುರಾಗಲು ಕ್ಲಾಸ್-ಡಿ ಆಂಪ್ಲಿಫೈಯರೂ ಲಿಥಿಯಂ ಬ್ಯಾಟರಿಯೂ ಕಾರಣ. ಅಗ್ಗದ ಟ್ರಾಲಿಗಳಲ್ಲಿ ಹೆಚ್ಚಾಗಿ ಸೀಸದ ಬ್ಯಾಟರಿ. ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಮೂಲೆಯಲ್ಲಿಟ್ಟರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಜೀವ ಹೋಗುತ್ತದೆ. ತಿಂಗಳಿಗೊಂದು ಕಾರ್ಯಕ್ರಮ ಮಾಡುವ ಸಂಘ ಇದನ್ನು ಮರೆಯುವಂತಿಲ್ಲ. ಬ್ಯಾಟರಿಯನ್ನು ಬಿಚ್ಚಿ ಬದಲಿಸಬಹುದೇ, ಹೊಸದು ಇಲ್ಲಿ ಸಿಗುತ್ತದೆಯೇ, ಅದಕ್ಕೆ ವಾರಂಟಿ ಬೇರೆಯೇ ಎಂದು ಮೇಷ್ಟ್ರು ಮೂರೂ ಪ್ರಶ್ನೆ ಕೇಳಿ ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳುತ್ತಾರೆ.

ಅಂಗಡಿಯವರು ಮುಂಗಡ ಇಟ್ಟುಕೊಂಡು ಎರಡು ಪೆಟ್ಟಿಗೆಗಳನ್ನು ಸಂಜೆಯ ಮಟ್ಟಿಗೆ ಕೊಟ್ಟುಕಳಿಸುತ್ತಾರೆ. ಪರೀಕ್ಷೆ ನಡೆಯುವುದು ಬಡಾವಣೆಯ ದೇವಸ್ಥಾನದಲ್ಲಿ. ಕಲ್ಲಿನ ಗೋಡೆ, ಕಲ್ಲಿನ ನೆಲ, ಎತ್ತರದ ಸೂರು. ಒಂದು ಚಪ್ಪಾಳೆ ತಟ್ಟಿದರೆ ಮೂರು ಕೇಳಿಸುವ ಜಾಗ. ಮೊದಲು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ನೋಡುತ್ತಾರೆ. ಮುಂದಿನ ಸಾಲಿನವರ ಬೆನ್ನಿಗೇ ಶಬ್ದ ನಿಲ್ಲುತ್ತದೆ, ಹಿಂದಕ್ಕೆ ಬರೀ ಗುಂಗು. ಸ್ಟ್ಯಾಂಡಿನ 35 ಮಿಲಿಮೀಟರ್ ಕಂಬಕ್ಕೇರಿಸಿ, ಕೂತವರ ತಲೆಗಿಂತ ಮೇಲಕ್ಕೆತ್ತಿ, ಬಾಯಿ ತುಸು ಜನರತ್ತ ಬಾಗಿಸಿದ ಕೂಡಲೇ ಮಾತು ಬಿಡಿಸಿಕೊಳ್ಳುತ್ತದೆ.

ಅಮ್ಮ ಸ್ಪೀಕರಿನ ಮುಂದೆ ಬಂದದ್ದೇ ತಡ, ‘ಕೂಂ...’ ಎಂದು ಕಿವಿ ಕೊರೆಯುವ ಊಳು. ಪೆಟ್ಟಿಗೆಯಿಂದ ಹೊರಟ ದನಿ ಮೈಕಿಗೆ ಮರಳಿ ಸೇರಿ, ದೊಡ್ಡದಾಗಿ ಮತ್ತೆ ಹೊರಟು, ಸುತ್ತುತ್ತ ಬೆಳೆಯುವುದೇ ಈ ಫೀಡ್‌ಬ್ಯಾಕ್. ಮದ್ದು ಗುಂಡಿಯಲ್ಲಿಲ್ಲ, ಜಾಗದಲ್ಲಿದೆ. ಪೆಟ್ಟಿಗೆ ಮೈಕಿಗಿಂತ ಮುಂದೆ ಬರಬೇಕು, ಮೈಕಿನ ಬೆನ್ನು ಪೆಟ್ಟಿಗೆಯತ್ತ ಇರಬೇಕು, ಬಾಯಿ ಮೈಕಿಗೆ ಒಂದು ಗೇಣಿನೊಳಗೆ, ಅದೂ ಸ್ವಲ್ಪ ಓರೆಯಾಗಿ. ಓರೆಯಾದರೆ ಮಹಾಪ್ರಾಣದ ಉಸಿರೂ ನೇರ ಬಡಿಯುವುದಿಲ್ಲ. ಇಷ್ಟು ಮಾಡಿದ ಮೇಲೆ ‘ಭೀಮ’ ಭೀಮನಾಗಿಯೇ ಕೇಳುತ್ತಾನೆ.

ಕೊನೆಯ ಸಾಲಿನಲ್ಲಿ ಕೂತವರು ಎಂಬತ್ತು ದಾಟಿದ ಅಜ್ಜಿ. ಸಂಘದ ಕಾರ್ಯಕ್ರಮ ತಪ್ಪಿಸಿದವರಲ್ಲ. ಶಿಷ್ಯ ಹತ್ತಿರ ಹೋಗಿ “ಜೋರು ಮಾಡ್ಲಾ ಅಜ್ಜಿ?” ಎಂದರೆ ಅವರು ತಲೆಯಾಡಿಸುತ್ತಾರೆ. “ಜೋರು ಸಾಕು ಕಣಪ್ಪ. ಮಾತು ಬಿಡಿಬಿಡಿಯಾಗಿ ಬರ್ಲಿ.”

ಮೇಷ್ಟ್ರು ವಾಲ್ಯೂಮ್ ಮುಟ್ಟದೆ ಬಾಸ್ ಗುಂಡಿಯನ್ನು ಇಳಿಸುತ್ತಾರೆ. ಎರಡನೆಯ ಪೆಟ್ಟಿಗೆಯನ್ನು ಸಭೆಯ ನಡುವಿನ ಕಂಬದ ಬಳಿ ನಿಲ್ಲಿಸಿ, ಕೇಬಲ್ ಎಳೆದು, ಮೆಲುದನಿಯಲ್ಲಿಡುತ್ತಾರೆ. ಎಂಟು ಮೀಟರ್ ದೂರದಿಂದ ಮೊದಲ ಪೆಟ್ಟಿಗೆಯ ದನಿ ಅಲ್ಲಿಗೆ ಬರಲು ಸುಮಾರು 23 ಮಿಲಿಸೆಕೆಂಡು ಸಾಕು. ಅಷ್ಟು ಅಂತರವನ್ನು ಕಿವಿ ಒಂದೇ ದನಿಯಾಗಿ ಕೂಡಿಸಿಕೊಳ್ಳುತ್ತದೆ. ಒಂದು ಪೆಟ್ಟಿಗೆ ಕಿರುಚುವುದಕ್ಕಿಂತ ಎರಡು ಪೆಟ್ಟಿಗೆ ಮೆಲ್ಲಗೆ ಮಾತನಾಡುವುದು ಕಲ್ಲಿನ ಕಟ್ಟಡಕ್ಕೆ ಎಷ್ಟೋ ಮೇಲು. ಅಜ್ಜಿಯ ಬೆರಳು ಈಗ ತೊಡೆಯ ಮೇಲೆ ಮಾತಿನ ಲಯಕ್ಕೆ ಆಡುತ್ತಿದೆ.

ಗೋಡೆಯಾಚೆ ಮನೆಗಳಿವೆ. ಓದುವ ಮಕ್ಕಳು, ಹಾಸಿಗೆ ಹಿಡಿದವರು ಅಲ್ಲಿದ್ದಾರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಉಳಿದ ಹೊತ್ತಿನಲ್ಲೂ ಬಳಸಲು ಲಿಖಿತ ಅನುಮತಿ ಬೇಕು. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55. ಅಂದರೆ ಗೋಡೆಯ ಬಳಿ 65ಕ್ಕೆ ನಿಲ್ಲಬೇಕು. ಒಳಗಿನವರಿಗೆ ತಿಳಿಯಾಗಿ, ಹೊರಗಿನವರಿಗೆ ಹಗುರಾಗಿ ಕೇಳಿಸುವ ಪೆಟ್ಟಿಗೆಯೇ ಕಾನೂನಿಗೂ ಕಲೆಗೂ ಒಪ್ಪುವಂಥದ್ದು.

ಸೋಮವಾರ ಅವರು ಕೊಂಡದ್ದು 8 ಇಂಚಿನ, ಲಿಥಿಯಂ ಬ್ಯಾಟರಿಯ, ಇನ್ನೊಂದಕ್ಕೆ ತಂತಿ ಜೋಡಿಸಲು ಲೈನ್ ಔಟ್ ಇರುವ ಒಂದು ಪೆಟ್ಟಿಗೆ, ಒಂದು ಗಟ್ಟಿ ಸ್ಟ್ಯಾಂಡು, ಎರಡು ಒಳ್ಳೆಯ ಕೇಬಲ್ಲು. ಜೊತೆಯ ಪೆಟ್ಟಿಗೆ ಮುಂದಿನ ವರ್ಷದ ಚಂದಾ ಹಣದಲ್ಲಿ.

ಸ್ಪೀಕರ್ ಕೊಳ್ಳಲು ಹೊರಟ ಭಜನಾ ಮಂಡಳಿಗಳು, ಶಾಲೆಗಳು, ರಾಜ್ಯೋತ್ಸವದ ಸಂಘಗಳು ಈ ದಾರಿ ಹಿಡಿಯಲಿ. ಪೆಟ್ಟಿಗೆಯ ಮೇಲಿನ ಅಂಕಿ ಓದುವ ಮೊದಲು ನಿಮ್ಮದೇ ಮೈಕು, ನಿಮ್ಮದೇ ದನಿ, ನಿಮ್ಮ ಸಭೆಯ ಅತಿ ಹಿರಿಯ ಶ್ರೋತೃ, ಈ ಮೂರನ್ನೂ ಅದರ ಮುಂದೆ ತಂದು ನಿಲ್ಲಿಸಿ. ಬಸ್ಸು ಹಿಡಿದು ಬಂದು, ಮಂಡಿನೋವು ನುಂಗಿಕೊಂಡು ಹಿಂದೆ ಕೂತ ಜೀವಕ್ಕೆ ಕಥೆಯ ಒಂದಕ್ಷರವೂ ತಪ್ಪದಂತೆ ನೋಡಿಕೊಳ್ಳುವುದು ವೇದಿಕೆಯ ಮೇಲಿದ್ದವರ ಹೊಣೆ. ಕಲಾವಿದರ ಸಾಧನೆ ಎಷ್ಟೇ ದೊಡ್ಡದಿರಲಿ, ಆ ಹೊಣೆಯ ಕೊನೆಯ ಹದಿನಾರು ಮೀಟರನ್ನು ಹೊರುವುದು ಈ ಪೆಟ್ಟಿಗೆ. ಅದನ್ನು ಕಿವಿಯಿಂದ ಆರಿಸಿ.